ಬಚ್ಚಲೊಲೆಯ ಪೈಪು ಕಟ್ಟಿಕೊಂಡಿದೆಯಾ? ಗಟ್ಟಿ ಟಾರು ತೆಗೆಯುವ ಕ್ರಮ

ಆಶ್ಲೇಷ ಮಳೆ ಹೊಯ್ಯುತ್ತಿರುತ್ತದೆ. ಬಚ್ಚಲೊಲೆಗೆ ಬೆಂಕಿ ಹಾಕಿದರೆ ಹೊಗೆಯೆಲ್ಲ ಒಲೆಬಾಯಿಂದಲೇ ವಾಪಸ್ ಬರುತ್ತದೆ. ಊದಿ ಊದಿ ಸುಸ್ತು, ಕಣ್ಣೆಲ್ಲ ಕೆಂಪು. ಒಬ್ಬರು ಕಟ್ಟಿಗೆ ಹಸಿ ಅನ್ನುತ್ತಾರೆ, ಇನ್ನೊಬ್ಬರು ಗಾಳಿ ತಿರುಗಿದೆ ಅನ್ನುತ್ತಾರೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲೂ ಎರಡು ಮಳೆಗಾಲ ಹೀಗೇ ಕಳೆದವು. ಕೊನೆಗೆ ಪೈಪು ಬಿಚ್ಚಿ ನೋಡಿದೆವು. ಆರಿಂಚಿನ ಪೈಪಿನೊಳಗೆ ಮುಷ್ಟಿ ತೂರುವಷ್ಟೂ ಜಾಗ ಉಳಿದಿರಲಿಲ್ಲ. ಸುತ್ತ ಕಪ್ಪಗೆ, ಹೊಳೆಯುವ, ಕಲ್ಲಿನ ಹಾಗೆ ಗಟ್ಟಿಯಾದ ಟಾರು. ಪೊರಕೆಗೆ ಬಗ್ಗಲಿಲ್ಲ, ತಂತಿ ಬ್ರಷ್ಷಿಗೂ ಬಗ್ಗಲಿಲ್ಲ.

ಆಮೇಲೆ ನಮ್ಮ ಮನೆಯದು, ನೆಂಟರ ಮನೆಗಳದ್ದು ಅಂತ ಸುಮಾರು ಪೈಪುಗಳನ್ನು ಬಿಚ್ಚಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಚ್ಚಲೊಲೆ, ಅಡುಗೆಮನೆಯ ಅಸ್ತ್ರ ಒಲೆ (ಹೊಗೆ ಪೈಪಿರುವ ಸುಧಾರಿತ ಒಲೆ), ಅಡಿಕೆ ಬೇಯಿಸುವ ಒಲೆ, ಹೋಮ್‌ಸ್ಟೇಗಳಲ್ಲಿ ಈಗ ಕಟ್ಟಿಸುವ ಅಗ್ಗಿಷ್ಟಿಕೆ, ಎಲ್ಲದಕ್ಕೂ ಇದು ಹೊಂದುತ್ತದೆ.

ಈ ಟಾರು ಎಲ್ಲಿಂದ ಬಂತು

ಒಲೆಗೆ ಹಾಕಿದ ಕಟ್ಟಿಗೆ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದ ಎಣ್ಣೆಯಂಥ ಅಂಶ, ನೀರಾವಿ, ಮಸಿ ಎಲ್ಲ ಸೇರಿ ಹೊಗೆಯಾಗಿ ಮೇಲೆ ಹೋಗುತ್ತದೆ. ಪೈಪಿನ ಒಳಮೈ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗಟ್ಟುವ ಹಾಗೆ, ಹೊಗೆಯೂ ಪೈಪಿಗೆ ಅಂಟಿ ಕೂರುತ್ತದೆ. ಇದನ್ನೇ ಕ್ರಿಯೋಸೋಟ್ ಅನ್ನುತ್ತಾರೆ. ಅಡುಗೆಮನೆಯ ಜಂತಿಗೆ ಜೋತುಬೀಳುವ ಇಲ್ಲಣ ಬೇರೆ, ಇದು ಬೇರೆ. ಇಲ್ಲಣ ಒರೆಸಿದರೆ ಹೋಗುತ್ತದೆ.

ಪೈಪಿನೊಳಗೆ ಇದು ಮೂರು ರೂಪದಲ್ಲಿ ಸಿಗುತ್ತದೆ. ಮೊದಲನೆಯದು ಪುಡಿಪುಡಿಯಾದ ಮಸಿ, ಬ್ರಷ್ ಆಡಿಸಿದರೆ ಉದುರುತ್ತದೆ. ಎರಡನೆಯದು ಹೊಳೆಯುವ ಕಪ್ಪು ಚಕ್ಕೆ, ಕೆರೆದರೆ ಏಳುತ್ತದೆ. ಮೂರನೆಯದು ಕರಗಿ ಹರಿದು ಪೈಪಿನ ಮೈಗೇ ಬಳಿದುಕೊಂಡ ಟಾರು, ಗಾಜಿನ ಹಾಗೆ ನುಣ್ಣಗೆ. ತೊಂದರೆ ಕೊಡುವುದು ಈ ಮೂರನೆಯದೇ.

ಇದನ್ನು ಬರೀ ಕೊಳೆ ಅಂದುಕೊಳ್ಳಬೇಡಿ. ಇದು ಉರಿಯುವ ವಸ್ತು. ಒಂದು ದಿನ ಒಲೆಗೆ ಜೋರು ಬೆಂಕಿ ಹಾಕಿದಾಗ ಪೈಪಿನೊಳಗೇ ಹೊತ್ತಿಕೊಂಡರೆ ಶಾಖ 1,100 ಡಿಗ್ರಿ ಸೆಲ್ಸಿಯಸ್ ತನಕ ಏರಬಹುದು. ಪೈಪಿನ ಪಕ್ಕದಲ್ಲಿರುವುದು ನಮ್ಮ ಮರದ ಪಕಾಸಿ, ರೀಪು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಪೈಪು ಕಟ್ಟಿದಾಗ ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಕೂಡ ಬಚ್ಚಲಲ್ಲೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಅಂತ ಬಾಗಿಲು, ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ತಲೆನೋವು, ತಲೆ ಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. ಬಿಸಿನೀರು ಜಾಸ್ತಿ ಆಯಿತು ಅಂತ ಸುಮ್ಮನಿರಬೇಡಿ. ಮನೆಯಲ್ಲಿ ಮಕ್ಕಳು, ವಯಸ್ಸಾದವರು, ಬಾಣಂತಿಯರು ಇದ್ದರಂತೂ ಕಟ್ಟಿದ ಪೈಪಿನ ಒಲೆಗೆ ಬೆಂಕಿಯನ್ನೇ ಹಾಕಬೇಡಿ.

ಬಿಚ್ಚುವ ಮೊದಲು ಪರೀಕ್ಷೆ

ಪೈಪಿನ ಮೇಲೆ ಮರದ ಹಿಡಿಕೆಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಖಾಲಿ ಇರುವಲ್ಲಿ ತಗಡು ಟಣ್ ಅನ್ನುತ್ತದೆ, ತುಂಬಿರುವಲ್ಲಿ ದಬ್ ಅನ್ನುತ್ತದೆ. ಜಾಸ್ತಿ ಕಟ್ಟುವುದು ಮೂರು ಕಡೆ: ಬೆಂಡಿನಲ್ಲಿ, ಗೋಡೆಯಿಂದ ಹೊರಗೆ ಬಂದ ತಣ್ಣನೆಯ ಭಾಗದಲ್ಲಿ, ತುದಿಯ ಟೊಪ್ಪಿಯಲ್ಲಿ. ಟೊಪ್ಪಿಗೆ ಹಕ್ಕಿ ಬಾರದಂತೆ ಜಾಲರಿ ಹಾಕಿಸಿದ್ದರೆ ಮೊದಲು ಅದನ್ನೇ ನೋಡಿ. ಎಷ್ಟೋ ಸಲ ಪೈಪು ಚೆನ್ನಾಗಿರುತ್ತದೆ, ಜಾಲರಿಯ ಕಣ್ಣು ಮಾತ್ರ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಒಲೆ ಹಚ್ಚದೆ ಬಿಟ್ಟಿದ್ದರೆ ಕಣಜದ ಗೂಡೋ, ಅಳಿಲು ತುರುಕಿದ ನಾರೋ ಇರುತ್ತದೆ.

ಕೆಳಗಿನ ಬೆಂಡ್ ಬಿಚ್ಚಲು ಬಂದರೆ ಅಲ್ಲಿ ಒಂದು ಕನ್ನಡಿ ಓರೆಯಾಗಿ ಹಿಡಿಯಿರಿ. ನೇರ ಪೈಪಾದರೆ ಆಕಾಶ ದುಂಡಗೆ ಕಾಣಬೇಕು. ಮೊಬೈಲನ್ನು ಒಳಗೆ ಹಿಡಿದು ಟಾರ್ಚ್ ಹಾಕಿ ವಿಡಿಯೊ ಮಾಡಿದರೂ ಆಯಿತು. ಟಾರಿನ ದಪ್ಪ 3 ಮಿಲಿಮೀಟರ್ ಆಗಿದ್ದರೆ ತೆಗೆಯುವ ಹೊತ್ತು ಬಂದಿದೆ. 6 ಮಿಲಿಮೀಟರ್ ದಾಟಿದ್ದರೆ ತೆಗೆಯುವ ತನಕ ಆ ಒಲೆ ಹಚ್ಚಬೇಡಿ. ಹೊಳೆಯುವ ಟಾರಾದರೆ ದಪ್ಪ ಅಳೆಯುತ್ತಾ ಕೂರುವುದೇ ಬೇಡ, ತೆಳ್ಳಗಿದ್ದರೂ ತೆಗೆಯಲೇಬೇಕು.

ಪೈಪು ಯಾವುದರದ್ದು ಅಂತಲೂ ಈಗಲೇ ನೋಡಿಕೊಳ್ಳಿ. ಇದು ಬಹಳ ಮುಖ್ಯ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಬೂದುಬಣ್ಣದ ಸಿಮೆಂಟ್ ಪೈಪು ಹಾಕಿರುತ್ತಾರೆ. ಅದರಲ್ಲಿ ಹೆಚ್ಚಿನವು ಆಸ್ಬೆಸ್ಟಾಸ್ ಸೇರಿಸಿದ ಪೈಪುಗಳು. ಅದನ್ನು ಕೆರೆಯಬೇಡಿ, ಕತ್ತರಿಸಬೇಡಿ, ತಂತಿ ಬ್ರಷ್ ಹಾಕಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಜೋರು ಶಾಖಕ್ಕೆ ಅದು ಸಿಡಿದು ಒಡೆಯುವುದೂ ಉಂಟು. ಅಂಥ ಪೈಪಿನಲ್ಲಿ ಗಟ್ಟಿ ಟಾರು ಕಟ್ಟಿದ್ದರೆ ನೀರು ಹಾಕಿ ತೋಯಿಸಿ, ಒಡೆಯದಂತೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಬೇರೆ ಪೈಪು ಹಾಕಿಸಿ. ದುಡ್ಡು ಉಳಿಸುವ ಜಾಗ ಇದಲ್ಲ.

ಹಿಂದಿನ ದಿನದ ತಯಾರಿ

ಒಲೆ ಆರಿಸಿ ಪೂರ್ತಿ ಒಂದು ದಿನವಾದರೂ ಕಳೆಯಲಿ. ಬೂದಿಯ ಅಡಿಯಲ್ಲಿ ಕೆಂಡ ರಾತ್ರಿಯೆಲ್ಲ ಜೀವ ಹಿಡಿದಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಗಡಿಬಿಡಿಯಲ್ಲಿ ಮರೆಯುತ್ತೇವೆ. ಬೂದಿಯನ್ನೆಲ್ಲ ಕಬ್ಬಿಣದ ಬಾಂಡ್ಲಿಗೆ ತೆಗೆದು ಹೊರಗೆ ಇಡಿ.

ಬೇಕಾದ್ದು ಇಷ್ಟು: ಪೈಪಿನ ಅಗಲಕ್ಕೆ ಸರಿಹೊಂದುವ ದುಂಡು ಬ್ರಷ್, ಗಟ್ಟಿ ಹಗ್ಗ, ಎರಡು ಮೂರು ಕೆ.ಜಿ. ತೂಕದ ಕಬ್ಬಿಣದ ತುಂಡು, ಗೋಣಿಚೀಲಗಳು, ಒಂದೆರಡು ಮಾರು ಹಳೆಯ ಸರಪಳಿ, ಮರದ ಸುತ್ತಿಗೆ, ಚಪ್ಪಟೆ ಕೆರೆಯುವ ಪಟ್ಟಿ, ವಾಷಿಂಗ್ ಸೋಡಾ. ಇಟ್ಟಿಗೆಯ ಹೊಗೆಗೂಡಿಗೆ ಉಕ್ಕಿನ ತಂತಿ ಬ್ರಷ್ ಆಗುತ್ತದೆ. ತೆಳು ತಗಡಿನ ಪೈಪಿಗೆ ಪ್ಲಾಸ್ಟಿಕ್ ಎಳೆಯ ಬ್ರಷ್ ವಾಸಿ, ತಗಡಿನ ಮೇಲಿನ ಸತುವಿನ ಲೇಪ ಉಳಿಯುತ್ತದೆ. ಬ್ರಷ್ ಸಿಗದಿದ್ದರೆ ಗೋಣಿಯನ್ನು ಬಿಗಿಯಾಗಿ ಸುತ್ತಿ ಉಂಡೆ ಕಟ್ಟಿ, ಅದರ ಸುತ್ತ ಕಟ್ಟುವ ತಂತಿ ಬಿಗಿದರೂ ಮಸಿಗೆ ಸಾಕಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಉದ್ದ ಇದೆ, ಹಗುರ ಇದೆ ಅಂತ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ಇದಕ್ಕೆ ತರಬೇಡಿ. ಅದರಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯೂ ಅಷ್ಟೇ. ಎಷ್ಟೋ ಮನೆಗಳಲ್ಲಿ ಬಚ್ಚಲಿನ ಮಾಡಿನ ಪಕ್ಕದಲ್ಲೇ ಲೈನ್ ಹಾದು ಹೋಗಿರುತ್ತದೆ. ಒಣಗಿದ ಬಿದಿರಿನ ಗಳ ಸಾಕು, ಅದನ್ನೂ ತಂತಿಯಿಂದ ದೂರ ಹಿಡಿಯಿರಿ.

ಮೈಗೆ ತುಂಬುತೋಳಿನ ಹಳೇ ಬಟ್ಟೆ, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್. ಟವೆಲ್ ಕಟ್ಟಿಕೊಂಡರೆ ಸಾಲುವುದಿಲ್ಲ. 1775ರಲ್ಲೇ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಬರೆದಿದ್ದ. ಟಾರು ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಸೋಪು ಹಾಕಿ ತೊಳೆಯಿರಿ, ಸೀಮೆಎಣ್ಣೆ ಹಚ್ಚಿ ಉಜ್ಜಬೇಡಿ.

ಒಲೆಬಾಯಿಗೆ ಒದ್ದೆ ಗೋಣಿ ತುಂಬಿ. ಹಂಡೆಯ ಬಾಯಿ ಮುಚ್ಚಿ. ಇಲ್ಲದಿದ್ದರೆ ಮಸಿಯೆಲ್ಲ ನೀರಿಗೇ ಬೀಳುತ್ತದೆ.

ಕೆಲಸ ಕೆಳಗಿನಿಂದ ಶುರು ಮಾಡಿ

ಮಳೆಗಾಲದಲ್ಲಿ ಹೆಂಚಿನ ಮೇಲೆ ಹತ್ತಬೇಡಿ. ಪಾಚಿ ಕಟ್ಟಿದ ಹೆಂಚು ಎಂಥ ಅನುಭವದವರನ್ನೂ ಜಾರಿಸುತ್ತದೆ. ಸಾಧ್ಯವಾದಷ್ಟು ಕೆಳಗಿನ ಬೆಂಡ್ ಬಿಚ್ಚಿ ಅಲ್ಲಿಂದಲೇ ಬ್ರಷ್ ಮೇಲಕ್ಕೆ ತೂರಿಸಿ. ಮೇಲೆ ಹತ್ತಲೇಬೇಕಾದರೆ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಹತ್ತಿ. ಏಣಿಯನ್ನು ಕಟ್ಟಿ, ಕೆಳಗೆ ಒಬ್ಬರು ಹಿಡಿದಿರಲಿ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಹೆಂಚಿನ ನಡುವೆ ಕಾಲಿಡಬೇಡಿ, ಅಡಿಯಲ್ಲಿ ರೀಪು ಇರುವಲ್ಲಿ ಇಡಿ.

ಮೇಲೆ ಹತ್ತಿದ್ದರೆ ಮೊದಲು ಟೊಪ್ಪಿ ತೆಗೆದು ಜಾಲರಿ ಕೆರೆಯಿರಿ. ಆಮೇಲೆ ಬ್ರಷ್ಷಿನ ಕೆಳಗೆ ಕಬ್ಬಿಣದ ತುಂಡು, ಮೇಲೆ ಹಗ್ಗ ಕಟ್ಟಿ ಪೈಪಿನೊಳಗೆ ಇಳಿಸಿ. ಬಾವಿಯಿಂದ ಕೊಡ ಸೇದುವ ಹಾಗೆ ಎಳೆಯುತ್ತಾ ಬಿಡುತ್ತಾ, ಒಂದೊಂದು ಮೊಳ ಮುಂದೆ ಹೋಗಿ. ಒಂದೇ ಸಲಕ್ಕೆ ಕೆಳಗೆ ಬಿಟ್ಟರೆ ಉದುರಿದ ಮಸಿ ಬೆಂಡಿನಲ್ಲಿ ಕೂತು ಇನ್ನಷ್ಟು ಕಟ್ಟುತ್ತದೆ. ಪುಡಿಮಸಿ ಇಷ್ಟರಲ್ಲೇ ಬೀಳುತ್ತದೆ. ಚಕ್ಕೆ ಉಳಿದಿದ್ದರೆ ಬ್ರಷ್ ಬದಲು ಹಗ್ಗದ ತುದಿಗೆ ಸರಪಳಿ ಕಟ್ಟಿ, ಮೆಲ್ಲಗೆ ತಿರುಗಿಸುತ್ತಾ ಒಳಗೆ ಬಡಿಯಿರಿ. ಇಟ್ಟಿಗೆ ಗೂಡಿನಲ್ಲಿ ಜೋರಾಗಿ ಬಡಿದರೆ ಒಳಗಾರೆ ಉದುರುತ್ತದೆ. ಮನೆ ಹಳೆಯದಾದಷ್ಟೂ ಕೈ ಹಗುರ ಇರಲಿ.

ಅಸ್ತ್ರ ಒಲೆಯಾದರೆ ಪೈಪಿಗಿಂತ ಹೆಚ್ಚು ಕೆಲಸ ಒಲೆಯ ಹೊಟ್ಟೆಯೊಳಗೆ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಒಲೆ ಅದು. ಬಿಸಿ ಹೊಗೆ ಒಂದು ಪಾತ್ರೆಯ ಅಡಿಯಿಂದ ಇನ್ನೊಂದರ ಅಡಿಗೆ ಸಾಗಿ ಆಮೇಲೆ ಪೈಪು ಸೇರುತ್ತದೆ. ಆ ಕಿರಿದಾದ ದಾರಿಗಳಲ್ಲಿ ಮಸಿ ತುಂಬಿದರೆ ಪೈಪು ಎಷ್ಟು ಶುದ್ಧ ಇದ್ದರೂ ಹೊಗೆ ಏಳುವುದಿಲ್ಲ. ಪಾತ್ರೆ ಕೂರುವ ಕುಳಿಗಳಿಂದ ಕೈ ಹಾಕಿ, ಉದ್ದ ಹಿಡಿಯ ಸೌಟಿನಲ್ಲಿ ಬಳಿದು ತೆಗೆಯಿರಿ.

ಗಾಜಿನಂಥ ಟಾರಿಗೆ ಏನು ಮಾಡಬೇಕು

ಇದಕ್ಕೆ ಬ್ರಷ್ ತಾಗುವುದಿಲ್ಲ. ಬ್ರಷ್ಷೇ ಹಾಳಾಗುತ್ತದೆ. ತಗಡಿನ ಪೈಪಾದರೆ ಬಿಚ್ಚಿ ಅಂಗಳಕ್ಕೆ ತನ್ನಿ. ಬೆಳಗಿನ ಚಳಿ ಇರುವಾಗಲೇ ಈ ಕೆಲಸ ಮಾಡಿ. ಟಾರು ತಣ್ಣಗಿದ್ದಷ್ಟೂ ಗರಿಗರಿ, ಬಿಸಿಲೇರಿದ ಮೇಲೆ ಅದು ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ. ಪೈಪನ್ನು ಗೋಣಿಯ ಮೇಲೆ ಅಡ್ಡ ಮಲಗಿಸಿ, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟುತ್ತಾ ಉರುಳಿಸಿ. ಒಳಗೆ ಬಿರುಕು ಬಿಟ್ಟು ದೊಡ್ಡ ದೊಡ್ಡ ಚಕ್ಕೆಯಾಗಿ ಬೀಳುತ್ತದೆ. ನಮ್ಮ ಮನೆಯ ಪೈಪಿನಿಂದ ಅರ್ಧಕ್ಕಿಂತ ಹೆಚ್ಚು ಬಿದ್ದದ್ದು ಹೀಗೇ. ಕಬ್ಬಿಣದ ಸುತ್ತಿಗೆ ಬೇಡ. ಪೈಪು ತಗ್ಗಾಗುತ್ತದೆ, ಆ ತಗ್ಗಿನಲ್ಲೇ ಮತ್ತೆ ಟಾರು ಕೂರುತ್ತದೆ.

ಉಳಿದದ್ದನ್ನು ನೆನೆಹಾಕಿ ಮೆದು ಮಾಡಬೇಕು. ಟಾರಿನಲ್ಲಿರುವ ಅಂಶಗಳಲ್ಲಿ ಕೆಲವು ಆಮ್ಲದ ಗುಣದವು, ಹಾಗಾಗಿ ಕ್ಷಾರಕ್ಕೆ ಬಿಟ್ಟುಕೊಡುತ್ತವೆ. ಒಂದು ಬಕೆಟ್ ಬಿಸಿನೀರಿಗೆ ಎರಡು ಮೂರು ಹಿಡಿ ವಾಷಿಂಗ್ ಸೋಡಾ ಕರಗಿಸಿ. ಪೈಪಿನ ಒಂದು ತುದಿಯನ್ನು ಪ್ಲಾಸ್ಟಿಕ್ ಕಟ್ಟಿ ಮುಚ್ಚಿ, ನಿಲ್ಲಿಸಿ, ನೀರು ತುಂಬಿ. ಸ್ಟೀಲ್ ಪೈಪಾದರೆ ರಾತ್ರಿಯಿಡೀ ಬಿಡಿ. ಸತು ಬಳಿದ ಜಿಐ ಪೈಪಾದರೆ ಒಂದೆರಡು ಗಂಟೆ ಸಾಕು, ಜಾಸ್ತಿ ಬಿಟ್ಟರೆ ಲೇಪ ಹೋಗುತ್ತದೆ. ಹಿಂದಿನವರು ಎಣ್ಣೆಜಿಡ್ಡಿನ ಪಾತ್ರೆಯನ್ನು ಬೂದಿಯಿಂದ ತಿಕ್ಕುತ್ತಿದ್ದದ್ದೂ ಇದೇ ಗುಣಕ್ಕೆ, ಬೂದಿಯೂ ಕ್ಷಾರವೇ. ಬೇಗ ಆಗಲಿ ಅಂತ ಕಾಸ್ಟಿಕ್ ಸೋಡಾ ತರಬೇಡಿ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು.

ನೆನೆದ ಮೇಲೆ ಚಪ್ಪಟೆ ಪಟ್ಟಿಯಲ್ಲಿ ಕೆರೆಯಿರಿ, ತೊಳೆಯಿರಿ, ಬಿಸಿಲಿಗೆ ಒಣಗಿಸಿ. ಆಮೇಲೆ ಪೈಪನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತು ಕಂಡರೂ ಆ ತುಂಡು ಬದಲಿಸಿ. ಟಾರಿನ ಹುಳಿ ತಗಡನ್ನು ಒಳಗಿಂದಲೇ ತಿಂದಿರುತ್ತದೆ.

ಇಟ್ಟಿಗೆಯ ಗೂಡನ್ನು ಬಿಚ್ಚಲಾಗುವುದಿಲ್ಲ, ನೆನೆಹಾಕಲೂ ಆಗುವುದಿಲ್ಲ. ಟಾರನ್ನು ಒಣಗಿಸಿ ಗರಿಗರಿ ಮಾಡುವ ಪುಡಿಗಳು ಬರುತ್ತವೆ. ಬೆಂಕಿಗೆ ಹಾಕಿದರೆ ಹೊಗೆಯ ಜೊತೆ ಮೇಲೆ ಹೋಗಿ ಕೆಲಸ ಮಾಡುತ್ತವೆ. ಆದರೆ ಪುಡಿ ಹಾಕಿದ ಮೇಲೂ ಬ್ರಷ್ ಹಾಕಲೇಬೇಕು, ಬರೀ ಪುಡಿಯಿಂದ ಗೂಡು ಶುದ್ಧವಾಗುವುದಿಲ್ಲ. ಟಾರು ಬಹಳ ಇದ್ದು ಗಾರೆಯೂ ಬಿರುಕು ಬಿಟ್ಟಿದ್ದರೆ ನನ್ನ ಸಲಹೆ ಒಂದೇ. ಗೂಡಿನೊಳಗೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಇಳಿಸಿಬಿಡಿ. ಆದರೆ ಅದಕ್ಕೂ ಮೊದಲು ಕೆರೆಯಲು ಬರುವಷ್ಟನ್ನು ಕೆರೆದು ತೆಗೆಯಬೇಕು. ಹಳೇ ಟಾರಿನ ಮೇಲೆ ಹೊಸ ಪೈಪು ಇಳಿಸಿದರೆ ಬೆಂಕಿಯ ಭಯ ಹಾಗೇ ಉಳಿಯುತ್ತದೆ.

ತೆಗೆದ ಟಾರನ್ನು ಗೊಬ್ಬರಗುಂಡಿಗೆ, ಅಡಿಕೆ ಬುಡಕ್ಕೆ ಹಾಕಬೇಡಿ. ಕಟ್ಟಿಗೆಯ ಬೂದಿ ತೋಟಕ್ಕೆ ಒಳ್ಳೆಯದು, ಟಾರು ಹಾಗಲ್ಲ. ಬಾವಿ, ಹಳ್ಳದಿಂದ ದೂರ ಗುಂಡಿ ತೆಗೆದು ಹೂಳಿ. ಒಲೆಗಂತೂ ಹಾಕಲೇಬೇಡಿ.

ಪೈಪಿಗೆ ಬೆಂಕಿ ಕೊಟ್ಟು ಸುಡಬೇಡಿ

ನಮ್ಮ ಕಡೆ ಇದು ಹಳೇ ರೂಢಿ. ಒಣ ಅಡಿಕೆ ಸೋಗೆ ತುರುಕಿ, ಸ್ವಲ್ಪ ಸೀಮೆಎಣ್ಣೆ ಹಾಕಿ ಒಳಗೆ ಬೆಂಕಿ ಕೊಡುವುದು. ಎಲ್ಲ ಸುಟ್ಟು ಶುದ್ಧವಾಗುತ್ತದೆ ಅನ್ನುವ ನಂಬಿಕೆ. ನಮ್ಮ ಪಕ್ಕದ ಮನೆಯಲ್ಲಿ ಹೀಗೇ ಮಾಡಿದರು. ಲಾರಿ ಬಂದ ಹಾಗೆ ಗುಡುಗುಡು ಸದ್ದು ಶುರುವಾಯಿತು. ಪೈಪು ಕೆಂಪಾಯಿತು. ತುದಿಯಿಂದ ಕಿಡಿ ಹಾರಿ ಹುಲ್ಲಿನ ಗೊಣಬೆಯ ಪಕ್ಕಕ್ಕೇ ಬಿತ್ತು. ಹಿಂದಿನ ದಿನ ಮಳೆ ಬಂದು ಹುಲ್ಲು ಒದ್ದೆಯಾಗಿತ್ತು, ಹಾಗಾಗಿ ಕೊಟ್ಟಿಗೆ ಉಳಿಯಿತು. ಆ ದಿನ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಪಟಾಕಿ ಹೊಡೆಯುವುದೂ ಬೇಡ, ಪೆಟ್ರೋಲ್ ಸುರಿಯುವುದೂ ಬೇಡ.

ತಾನಾಗಿಯೇ ಪೈಪಿಗೆ ಬೆಂಕಿ ಹತ್ತಿಕೊಂಡರೆ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ. ಒಲೆಬಾಯಿಯನ್ನು ತಗಡಿನಿಂದ ಮುಚ್ಚಿ, ಗಾಳಿ ನಿಂತರೆ ಉರಿ ಇಳಿಯುತ್ತದೆ. 112 ಅಥವಾ 101ಕ್ಕೆ ಫೋನ್ ಮಾಡಿ. ಕಾದ ಪೈಪಿಗೆ ಮೇಲಿಂದ ನೀರು ಸುರಿಯಬೇಡಿ, ಪೈಪು ಒಡೆದು ಬಿಸಿ ಹಬೆ ಮುಖಕ್ಕೇ ಹೊಡೆಯುತ್ತದೆ. ನೀರನ್ನು ಗೊಣಬೆಗೆ, ಕಟ್ಟಿಗೆ ರಾಶಿಗೆ, ಸುತ್ತಲಿನ ಮಾಡಿಗೆ ಹಾಕಿ.

ಮತ್ತೆ ಜೋಡಿಸುವಾಗ

ಇಲ್ಲಿ ನಮ್ಮ ಮನೆಯಲ್ಲಿ ಮೊದಲು ಆಗಿದ್ದ ತಪ್ಪು ಹೇಳುತ್ತೇನೆ. ಪೈಪು ಹಾಕಿದವರು ಮೇಲಿನ ತುಂಡನ್ನು ಕೆಳಗಿನ ತುಂಡಿನ ಹೊರಗೆ ಕೂರಿಸಿದ್ದರು. ಹೊಗೆ ಪೈಪಿನಲ್ಲಿ ಟಾರು ಒಳಮೈಯಿಂದ ಇಳಿಯುತ್ತದೆ. ಹಾಗಾಗಿ ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು. ತಿರುಗಾಮುರುಗಾ ಆದರೆ ಪ್ರತಿ ಜಾಯಿಂಟಿನಿಂದ ಕಪ್ಪುನೀರು ಇಳಿದು ಗೋಡೆಯೆಲ್ಲ ಕಲೆ. ಸುಣ್ಣ ಬಳಿದರೂ ಆ ಕಲೆ ಮತ್ತೆ ಹೊರಗೆ ಬರುತ್ತದೆ.

ತೊಂಬತ್ತು ಡಿಗ್ರಿಯ ಒಂದು ಬೆಂಡ್ ಬದಲು ನಲವತ್ತೈದರ ಎರಡು ಬೆಂಡ್ ಹಾಕಿಸಿ. ಪೈಪಿನ ತುದಿ ಮಾಡಿನಿಂದ ಹೊರಬಂದ ಜಾಗಕ್ಕಿಂತ 90 ಸೆಂಟಿಮೀಟರ್ ಎತ್ತರ ಇರಲಿ. ಸುತ್ತ ಮೂರು ಮೀಟರಿನೊಳಗೆ ಇರುವ ಯಾವುದಕ್ಕಿಂತಲೂ 60 ಸೆಂಟಿಮೀಟರ್ ಮೇಲಿರಲಿ. ಜೋಡಿಸಿದ ಮೇಲೆ ಒಲೆಬಾಯಲ್ಲಿ ಒಂದು ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಸರಿಯಾಗಿದೆ. ಆಮೇಲೆ ಒಣ ಚಕ್ಕೆಯ ಸಣ್ಣ ಬೆಂಕಿ ಹಾಕಿ, ಪ್ರತಿ ಜಾಯಿಂಟನ್ನೂ ನೋಡಿ.

ಇಷ್ಟು ಟಾರು ಮತ್ತೆ ಕಟ್ಟದಂತೆ

ನಮ್ಮಲ್ಲಿ ಟಾರು ಕಟ್ಟುವುದಕ್ಕೆ ದೊಡ್ಡ ಕಾರಣ ಕುಂಟೆ, ಅಂದರೆ ಮರದ ದಪ್ಪ ಕೊರಡು. ಮಳೆಗಾಲದಲ್ಲಿ ಬೆಳಿಗ್ಗೆ ಒಂದು ದಪ್ಪ ಕುಂಟೆಯನ್ನು ಬಚ್ಚಲೊಲೆಗೆ ನೂಕಿ, ದಿನವಿಡೀ ಹೊಗೆಯಾಡಲು ಬಿಡುತ್ತೇವೆ. ನೀರು ಬಿಸಿ ಇರುತ್ತದೆ, ಮತ್ತೆ ಮತ್ತೆ ಬೆಂಕಿ ಹೊತ್ತಿಸುವ ರಗಳೆ ಇಲ್ಲ, ಅಲ್ವಾ? ಆದರೆ ಉರಿಯಿಲ್ಲದ ಹೊಗೆ ಪೈಪನ್ನು ಬಿಸಿ ಮಾಡುವುದಿಲ್ಲ, ಟಾರನ್ನು ಮಾತ್ರ ಬಿಟ್ಟು ಹೋಗುತ್ತದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಚೆನ್ನಾಗಿ ಉರಿಯುವ ಬೆಂಕಿ ಹಾಕಿ. ಹಂಡೆಗೆ ಮರದ ಮುಚ್ಚಳ ಹಾಕಿಟ್ಟರೆ ನೀರು ಬೇಗ ಆರುವುದಿಲ್ಲ. ನಮ್ಮ ಅತ್ತೆ ಮೊದಲು ಇದಕ್ಕೆ ಒಪ್ಪಲಿಲ್ಲ. ಕಟ್ಟಿಗೆ ಕಡಿಮೆ ಸುಡುವುದನ್ನು ನೋಡಿದ ಮೇಲೆ ಅವರೇ ಕುಂಟೆ ಬಿಟ್ಟರು.

ಇನ್ನೊಂದು ಕಾರಣ ಹಸಿ ಕಟ್ಟಿಗೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಒಲೆಗೆ ಹಾಕುವಾಗ ಅದು 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ಮತ್ತಿಯೋ, ಹಲಸೋ, ಅಕೇಶಿಯಾವೋ ಅನ್ನುವುದಕ್ಕಿಂತ ಎಷ್ಟು ಒಣಗಿದೆ ಅನ್ನುವುದೇ ಮುಖ್ಯ. ಒಣಗಿದ ಕಟ್ಟಿಗೆಯ ತುದಿಯಲ್ಲಿ ಬಿರುಕು ಇರುತ್ತದೆ, ಸಿಪ್ಪೆ ತಾನಾಗಿ ಬಿಡುತ್ತದೆ, ಎರಡನ್ನು ಒಂದಕ್ಕೊಂದು ಬಡಿದರೆ ಟಣ್ ಅನ್ನುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಮೇ ತಿಂಗಳಲ್ಲಿ ಒಡೆದ ಕಟ್ಟಿಗೆ ಜೂನಿಗೆ ಒಣಗುವುದಿಲ್ಲ. ಚಳಿಗಾಲದಲ್ಲೇ ಸೀಳಿ, ಫೆಬ್ರವರಿಯಿಂದ ಬಿಸಿಲು ತಾಗಿಸಿ, ಮಳೆಗೆ ಮೊದಲು ಮಾಡಿನ ಕೆಳಗೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಗಾಳಿಯಾಡುವಂತೆ ಒಟ್ಟಿ. ಹಸಿ ಅಡಿಕೆ ಸಿಪ್ಪೆಯನ್ನೂ ಬಚ್ಚಲೊಲೆಗೆ ತುರುಕಬೇಡಿ, ಅದು ಒಣಗಿದ ಮೇಲೆ ಸುಟ್ಟರಾಯಿತು.

ಪೈಪು ನೋಡುವುದಕ್ಕೆ ವರ್ಷದಲ್ಲಿ ಎರಡು ದಿನ ಗೊತ್ತು ಮಾಡಿಕೊಳ್ಳಿ. ಒಂದು, ಮೇ ತಿಂಗಳ ಕೊನೆಗೆ ಹೆಂಚು ಕೈಯಾಡಿಸುವಾಗ. ಇನ್ನೊಂದು ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ವಾರ. ಹೇಗೂ ಅವತ್ತಿಗೆ ಹಂಡೆ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಕಟ್ಟಲು ಬಚ್ಚಲನ್ನು ತೊಳೆದೇ ತೊಳೆಯುತ್ತೇವೆ. ಅಡಿಕೆ ಬೇಯಿಸುವ ಒಲೆಯ ಪೈಪನ್ನೂ ಆಗಲೇ ಬಿಚ್ಚಿ ನೋಡಿ. ಸುಲಿತ ಜೋರಾದ ಮೇಲೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ.